ಅವ್ವನ ಬಿಸಿ, ಅಪ್ಪನ ಚಳಿ

ನಮ್ಮ ಮನೆಯಲ್ಲಿ ಜಗಳ ನಡೆಯುತ್ತಿದ್ದದ್ದು ಒಂದೇ ವಿಷಯಕ್ಕೆ, ಬಾಗಿಲಿಗೆ. ಮೊಳಕಾಲ್ಮೂರಿನ ನಮ್ಮ ನೇಕಾರರ ಓಣಿಯಲ್ಲಿ ಬೇರೆ ಮನೆಯವರು ಚರಂಡಿ, ನಲ್ಲಿ ನೀರು, ಅತ್ತೆಯ ನಾಲಿಗೆ, ಸೊಸೆಯ ಮೂಗು ಅಂತ ಬೇಕಾದಷ್ಟು ಕಾರಣ ಇಟ್ಟುಕೊಂಡಿದ್ದರು. ನಮ್ಮ ಅಪ್ಪ-ಅವ್ವನಿಗೆ ಅಷ್ಟೆಲ್ಲ ಬೇಕಿರಲಿಲ್ಲ. ಮಗ್ಗದ ಕೋಣೆಯ ಬಾಗಿಲು ತೆಗೆದಿರಬೇಕೋ ಮುಚ್ಚಿರಬೇಕೋ ಎಂಬ ಒಂದೇ ಮಾತನ್ನು ಹಿಡಿದುಕೊಂಡು ಇಬ್ಬರೂ ಒಂದು ವರ್ಷ ಕಳೆದರು.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಚಳ್ಳಕೆರೆಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸು. ಹಾಗಾಗಿ ಜಗಳವನ್ನು ಪೂರ್ತಿಯಾಗಿ ನೋಡುವ ಭಾಗ್ಯ ಭಾನುವಾರ ಮಾತ್ರ. ಉಳಿದ ದಿನಗಳಲ್ಲಿ ನಾನು ಚಪ್ಪಲಿ ಬಿಡುವ ಮೊದಲೇ ಅವರವರ ಪಾಲಿನ ವರದಿಯನ್ನು ಅವರವರು ಒಪ್ಪಿಸುತ್ತಿದ್ದರು. ನಾನು ಕೈಕಾಲು ತೊಳೆದುಕೊಂಡು, ಇಬ್ಬರಿಗೂ ಹೌದು ಹೌದು ಅಂದು, ಮಂಡಕ್ಕಿ ತಿನ್ನುತ್ತ ಕೂರುತ್ತಿದ್ದೆ.

ಜಗಳ ಅರ್ಥವಾಗಬೇಕಾದರೆ ಮಗ್ಗ ಅರ್ಥವಾಗಬೇಕು. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯಬೇಕು. ನಮ್ಮೂರಿನ ರೇಷ್ಮೆ ಸೀರೆಗೆ ಒಡಲಿನ ಬಣ್ಣವೇ ಬೇರೆ, ಅಂಚಿನ ಬಣ್ಣವೇ ಬೇರೆ. ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಎರಡು ಲಾಳಿ. ಮೂರನ್ನೂ ಒಬ್ಬರೇ ಬಿಡುವುದು ಕಷ್ಟ. ಅದಕ್ಕೇ ಮಗ್ಗಕ್ಕೆ ಇಬ್ಬರು ಕೂರುತ್ತಾರೆ. ಹಲಗೆ ತುಳಿದು, ದಾರ ಒತ್ತಿ ಕೂರಿಸುವ ಹಣಿಗೆ ಬಡಿದು ನೇಯುವವನು ಒಬ್ಬ, ಅವನ ಪಕ್ಕದಲ್ಲಿ ಕೂತು ಆ ಕಡೆಯ ಅಂಚಿನ ಲಾಳಿ ಬಿಡುವವಳು ಒಬ್ಬಳು. ನಮ್ಮ ಓಣಿಯಲ್ಲಿ ನೇಯುವ ಜಾಗ ಗಂಡನದು, ಪಕ್ಕದ ಜಾಗ ಹೆಂಡತಿಯದು. ಹೀಗೇ ಅಂತ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಡದ ಕಾನೂನೇ ಗಟ್ಟಿ ನೋಡಿ.

ಅಪ್ಪನ ಜಾಗ ಬಾಗಿಲ ಕಡೆಗಿತ್ತು, ಅವ್ವನದು ಗೋಡೆ ಕಡೆಗೆ. ಅವ್ವ ಹೊರಗೆ ಬರಬೇಕಾದರೆ ಅಪ್ಪ ಲಾಳಿ ಕೆಳಗಿಟ್ಟು, ಗುಂಡಿಯಿಂದ ಕಾಲು ಮೇಲೆತ್ತಿ, ಎದ್ದು ದಾರಿ ಬಿಡಬೇಕು. ಮದುವೆಯಾಗಿ ಬಂದಾಗಿನಿಂದ ಅವಳು ಆ ಗೋಡೆಗೆ ಒರಗಿ ಕೂತು ಕೂತು, ಅವಳ ಭುಜದೆತ್ತರಕ್ಕೆ ಸುಣ್ಣ ನುಣುಪಾಗಿ ಹೊಳೆಯುತ್ತಿತ್ತು. ಅವರಿಬ್ಬರೂ ನೇಯುವಾಗ ಮಾತಿರುತ್ತಿರಲಿಲ್ಲ. ಅವನ ಲಾಳಿ ಮುಗಿಯುವುದಕ್ಕೂ ಅವಳ ಲಾಳಿ ಹೊರಡುವುದಕ್ಕೂ ನಡುವೆ ಒಂದು ಉಸಿರಿನ ಜಾಗವೂ ಇರುತ್ತಿರಲಿಲ್ಲ. ಹೊರಗಿನವರು ಕೇಳಿದರೆ ಒಬ್ಬರೇ ನೇಯುತ್ತಿದ್ದಾರೆ ಎನ್ನಬೇಕು.

ಅವ್ವನಿಗೆ ಐವತ್ತರ ಹತ್ತಿರ. ಮುಟ್ಟು ನಿಂತು ವರ್ಷದ ಮೇಲಾಗಿತ್ತು. ನಿಂತಾಗ ಅವಳಿಗೇನೂ ದುಃಖವಾಗಲಿಲ್ಲ. "ಒಂದು ಕೆಲಸ ಕಡಿಮೆ ಆತು ಬಿಡು" ಅಂದಿದ್ದಳು. ಆಮೇಲೆ ಶುರುವಾಯಿತು ಬಿಸಿ. ಕೂತಲ್ಲೇ ಎದೆಯಿಂದ ಹೊರಟು, ಕುತ್ತಿಗೆ ಹತ್ತಿ, ಕಿವಿಯ ತುದಿಯವರೆಗೆ ಏರುವುದು. ಮುಖ ಕೆಂಪಗಾಗಿ, ಹಣೆಯ ಮೇಲೆ ಬೆವರು ಹನಿಗಟ್ಟುವುದು. ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಇಳಿದುಹೋಗುವುದು. ಬಿಸಿ ಏರಿದಾಗ ಅವಳಿಗೆ ಬಾಗಿಲು ತೆಗೆಯಬೇಕು, ಗಾಳಿ ಬರಬೇಕು.

ಅಪ್ಪನಿಗೆ ಅರವತ್ತರ ಹತ್ತಿರ. ಅವನಿಗೆ ಚಳಿ! ನಮ್ಮ ಸೀಮೆಯ ಬಿಸಿಲಿನಲ್ಲಿ ಚಳಿ ಆಗುವ ಮನುಷ್ಯನನ್ನು ನಾನು ಅವನೊಬ್ಬನನ್ನೇ ನೋಡಿದ್ದು. ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ನೇಯುತ್ತಿದ್ದ. ಮೊದಲು ಹುಲಿಯಂತಿದ್ದವನು ಈಚೆಗೆ ಮೆತ್ತಗೂ ಆಗಿದ್ದ. ರೇಡಿಯೋ ನಾಟಕದಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವ ಸನ್ನಿವೇಶ ಬಂದರೆ ಮಫ್ಲರಿನ ತುದಿ ಕಣ್ಣಿಗೆ ಹೋಗುತ್ತಿತ್ತು. ಆದರೆ ಬಾಗಿಲಿನ ವಿಷಯದಲ್ಲಿ ಮಾತ್ರ ಮೆತ್ತಗಿರಲಿಲ್ಲ. ಅವನ ಮಾತಿನಲ್ಲೂ ನ್ಯಾಯವಿತ್ತು. ನಮ್ಮ ಕಡೆಯ ಒಣಗಾಳಿ ರೇಷ್ಮೆ ದಾರಕ್ಕೆ ತಾಗಿದರೆ ದಾರ ಪಟಪಟ ಕಡಿಯುತ್ತದೆ. ಆಷಾಢದಲ್ಲಂತೂ ಕೇಳುವುದೇ ಬೇಡ. ಅದಕ್ಕೇ ನೇಕಾರರು ಬಾಗಿಲು ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ ನೇಯುತ್ತಾರೆ.

"ತಲುಪು ಮೂಯವೇ!" ಅಂತ ಅಪ್ಪ ಕೂಗುತ್ತಿದ್ದ, ಬಾಗಿಲು ಮುಚ್ಚೇ ಅಂತ. ಆಂಧ್ರದ ಗಡಿ ನಮಗೆ ಕೂಗಳತೆಯ ದೂರ. ಅಪ್ಪನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು.

"ಮುಚ್ಚಲ್ಲ. ನಿಮ್ಗೆ ದಾರ ಕಡೀತೈತೆ, ನಂಗೆ ಜೀವ ಕಡೀತೈತೆ" ಅಂತ ಅವ್ವ ಕನ್ನಡದಲ್ಲೇ ಜವಾಬು ಕೊಡುತ್ತಿದ್ದಳು.

ಆದರೆ ಅವ್ವ ಹೆದರಿದ್ದು ಬಿಸಿಗಲ್ಲ. ಒಂದು ಭಾನುವಾರ ನನ್ನ ತಲೆ ಬಾಚುತ್ತ ಅದನ್ನು ಬಾಯಿಬಿಟ್ಟು ಹೇಳಿದಳು. ನಮ್ಮ ಓಣಿಯಲ್ಲಿ ಮಗ್ಗದ ಮೇಲೆ ಕೂರಲಾಗದ ಹೆಂಗಸರನ್ನು ಪಡಸಾಲೆಗೆ ಕೂರಿಸುತ್ತಾರೆ. ಅಲ್ಲಿ ಮುದುಕಿಯರೆಲ್ಲ ಸೇರಿ ಲಾಳಿಯೊಳಗಿಡುವ ಕಂಡಿಕೆಗೆ ದಾರ ಸುತ್ತುತ್ತ, ಬೀದಿ ನೋಡುತ್ತ, ಹೊತ್ತು ಕಳೆಯುತ್ತಾರೆ. "ಅಲ್ಲಿಗೆ ಹೋದೋರು ಯಾರೂ ಮಗ್ಗಕ್ಕೆ ತಿರುಗಿ ಬಂದಿಲ್ಲ ಕಣೆ. ನಂಗೆ ಬೇರೆ ಏನೂ ಬರಲ್ಲ. ಆ ಜಾಗ ಬಿಟ್ಟು ನಾನು ಎಲ್ಲಿ ಕೂರ್ಲಿ?" ಅಂದಳು. ಬಾಚಣಿಗೆ ಕೂದಲಲ್ಲೇ ನಿಂತಿತ್ತು. ನನಗೆ ಅವ್ವ ಎಂದರೆ ಮಗ್ಗದ ಮುಂದೆ ಕೂತ ಅವ್ವ. ಪಡಸಾಲೆಯ ಅವ್ವನನ್ನು ಊಹಿಸಿಕೊಳ್ಳುವುದೂ ನನಗೆ ಇಷ್ಟವಿರಲಿಲ್ಲ.

ಹಟ್ಟಿಯಿಂದ ಮಜ್ಜಿಗೆ ತರುವ ಹೆಂಗಸೊಬ್ಬಳಿದ್ದಳು. ಕುರಿ ಮಂದೆಯ ಮನೆಯವಳು, ಅವ್ವನ ವಾರಿಗೆಯವಳೇ. ಅವಳು ಮಗ್ಗದ ಕೋಣೆಗೆ ಇಣುಕಿ, ಸೆರಗಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದ ಅವ್ವನನ್ನು ನೋಡಿ ನಕ್ಕಳು. "ನಂಗೂ ಬಂದಿತ್ತು ಕಣಕ್ಕ. ನಾನು ಕುರಿ ಹಿಂದೆ ಬಯಲಾಗೆ ಇರ್ತಿದ್ದೆ, ಬಿಸಿ ಏರಿದ್ರೆ ಗಾಳಿಗೆ ಮುಖ ಕೊಟ್ಟು ನಿಂತ್ಕಂತಿದ್ದೆ. ನೀನು ನೋಡಿದ್ರೆ ಗೋಡೆ ಮೂಲ್ಯಾಗೆ ಕುಂತಿದೀಯ! ನೆತ್ತಿಗೆ ಹರಳೆಣ್ಣೆ ತಟ್ಟು, ತಂಪಾಗ್ತೈತೆ."

ಎಣ್ಣೆ ತಂದವಳು ನಾನೇ. ಚಳ್ಳಕೆರೆ ಎಂದರೆ ಎಣ್ಣೆಯ ಊರು. ಬಸ್ಸಿಳಿದರೆ ಮೂಗಿಗೆ ಮೊದಲು ಸಿಗುವುದು ಶೇಂಗಾ ಹಿಂಡಿಯ ವಾಸನೆ. ಅಷ್ಟೊಂದು ಶೇಂಗಾ ಎಣ್ಣೆಯ ನಡುವೆ ಒಳ್ಳೆಯ ಹರಳೆಣ್ಣೆ ಹುಡುಕಿ ಬಾಟಲಿ ತುಂಬಿಸಿಕೊಂಡು ಬಂದೆ. ಅವ್ವ ಬೆಳಿಗ್ಗೆ ನೆತ್ತಿ ತುಂಬ ತಟ್ಟಿಕೊಂಡಳು. ತಂಪಾಯಿತು ಅಂದಳು. ಅವಳು ಬಾಗಿಲಿನ ಮಾತು ಎತ್ತದಿದ್ದದ್ದಕ್ಕೆ ಅಪ್ಪನೂ ಖುಷಿಪಟ್ಟ. ಮನೆಯಲ್ಲಿ ಎಲ್ಲರೂ ಹರಳೆಣ್ಣೆಯ ಭಕ್ತರಾದೆವು.

ಆಗ ಮಗ್ಗದ ಮೇಲಿದ್ದದ್ದು ಕೆನೆ ಬಣ್ಣದ ಸೀರೆ, ಕುಂಕುಮದ ಬಣ್ಣದ ಅಂಚು. ಸೆರಗಿನ ಕೊನೆಗೆ ಬಂದಿತ್ತು. ಅವ್ವ ಬಗ್ಗಿ ಲಾಳಿ ಬಿಡುವಾಗ ಬಿಸಿ ಏರಿತು. ಬರೀ ಬೆವರಾಗಿದ್ದರೆ ತಕ್ಷಣ ಒತ್ತಿ ತೆಗೆದು ಹೇಗೋ ಸುಧಾರಿಸುತ್ತಿದ್ದರು. ಈಗ ನೆತ್ತಿಯಿಂದ ಇಳಿದದ್ದು ಎಣ್ಣೆ ಬೆರೆತ ಬೆವರು. ಹಣೆಯಿಂದ ಜಾರಿ, ಮೂಗಿನ ತುದಿಯಿಂದ ಕೆನೆ ಬಣ್ಣದ ಮೇಲೆ ತೊಟ್ಟು ತೊಟ್ಟಾಗಿ ಬಿತ್ತು. ಒರೆಸಲು ಹೋದರೆ ಇನ್ನೂ ಹರಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ರೇಷ್ಮೆ ಜರಿ ಕೊಟ್ಟು ನೇಯಿಸಿಕೊಳ್ಳುವ ಸಾಹುಕಾರ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿ, ಮಡಿಸಿ ನಮ್ಮ ಮನೆಯಲ್ಲೇ ಇಟ್ಟುಹೋದ. ಸೆರಗನ್ನು ಮಡಿಕೆಯಲ್ಲಿ ಮುಚ್ಚಿ ಉಟ್ಟರೆ ಕಲೆ ಕಾಣುವುದಿಲ್ಲ. ಆ ಸೀರೆಯನ್ನು ನಾನು ಆಸೆಪಟ್ಟು ಹರಿಯುವವರೆಗೂ ಉಟ್ಟೆ.

ಅಪ್ಪ ಕೂಗಾಡಿದ್ದರೆ ಅವ್ವ ತಿರುಗಿ ಕೂಗಾಡುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಅವನು ಕೂಗಲಿಲ್ಲ. ಮಫ್ಲರ್ ಬಿಚ್ಚಿ ಮಡಿಸುತ್ತ, "ಇನ್ನು ಸಾಕು ಬಿಡು. ನೀನು ಪಡಸಾಲ್ಯಾಗೆ ಕೂತು ಕಂಡಿಕೆ ಸುತ್ತು. ಓಣಿ ಕೊನೇ ಮನೆ ಸೊಸೇನ ಪಕ್ಕದ ಲಾಳಿಗೆ ಕರ್ಕಂತೀನಿ" ಅಂದ. ಮೆತ್ತಗೆ, ಪ್ರೀತಿಯಿಂದಲೇ ಅಂದ. ಅದೇ ಅವಳಿಗೆ ಚುಚ್ಚಿತು. ಅವ್ವ ಬಚ್ಚಲಿಗೆ ಹೋಗಿ, ಸೋಪು ಹಾಕಿ ತಲೆ ತಿಕ್ಕಿ ತಿಕ್ಕಿ ತೊಳೆದಳು. ನೀರಿನ ಸದ್ದಿನಲ್ಲಿ ಅಳುತ್ತಿದ್ದಳು. ನನಗೆ ಅಪ್ಪನ ಮೇಲೆ ಮೈಯೆಲ್ಲ ಉರಿಯಿತು. ಎದುರು ಹೋಗಿ ನಿಂತು, "ಸೊಸೇನ ಆಮೇಲೆ ಕರೀವಂತೆ. ಮೊದ್ಲು ಡಾಕ್ಟ್ರಿಗೆ ತೋರಿಸ್ತೀನಿ. ಅಲ್ಲೀವರೆಗೂ ಅವ್ವನ ಜಾಗಕ್ಕೆ ಯಾರನ್ನಾದ್ರೂ ಕೂರಿಸಿದ್ರೆ ನೋಡು" ಅಂದೆ. ಏನು ನೋಡಬೇಕು ಅಂತ ನನಗೂ ಗೊತ್ತಿರಲಿಲ್ಲ, ಅವನೂ ಕೇಳಲಿಲ್ಲ.

ಚಳ್ಳಕೆರೆಯ ಡಾಕ್ಟರಮ್ಮ ಅವ್ವನ ನಾಡಿ ಹಿಡಿದು, ಕಣ್ಣು ನೋಡಿ, ಗಂಟಲು ಮುಟ್ಟಿ, "ಈ ವಯಸ್ಸಿಗೆ ಇದು ಸಹಜ. ಆದರೂ ಥೈರಾಯ್ಡ್ ಇದ್ದರೂ ಹೀಗೆ ಬೆವರುತ್ತೆ, ಅದರ ಜೊತೆ ಬೇರೆ ಹಾರ್ಮೋನನ್ನೂ ಒಂದು ಸಲ ನೋಡಿಬಿಡೋಣ" ಅಂದರು. ರಕ್ತ ಕೊಟ್ಟು ಬಂದೆವು. ಆ ರಕ್ತ ದೊಡ್ಡ ಊರಿಗೆ ಹೋಗಿ, ಕಾಗದವಾಗಿ ವಾಪಸು ಬರಬೇಕಿತ್ತು. ಬಂದ ದಿನ ಶಾಲೆ ಬಿಟ್ಟ ಮೇಲೆ ನಾನೇ ಇಸಿದುಕೊಂಡೆ. ಡಾಕ್ಟರಮ್ಮ ಆಗಲೇ ಮನೆಗೆ ಹೋಗಿದ್ದರು. ನನಗೇನು, ವಿಜ್ಞಾನದ ಟೀಚರ್, ಓದಲು ಬರುವುದಿಲ್ಲವೇ ಅಂದುಕೊಂಡು ಬಸ್ಸಿನಲ್ಲಿ ಬಿಚ್ಚಿದೆ.

ಥೈರಾಯ್ಡ್ ಸರಿಯಿತ್ತು. ಅದರ ಕೆಳಗೆ ಎಫ್.ಎಸ್.ಎಚ್. ಎಂಬ ಹಾರ್ಮೋನು. ಎದುರಿಗೆ ಅವ್ವನ ಅಂಕಿ, ಪಕ್ಕದಲ್ಲಿ ಎಷ್ಟಿರಬೇಕು ಎಂಬ ಅಂಕಿ. ಅವ್ವನದು ಅದರ ಎಷ್ಟೋ ಪಟ್ಟು. ಇನ್ನೂ ಕೆಳಗೆ ಈಸ್ಟ್ರೋಜನ್. ಅದು ಬಾವಿಯ ತಳ ಕಂಡಿತ್ತು. ಬಸ್ಸು ಬಿ.ಜಿ. ಕೆರೆಯಲ್ಲಿ ನಿಂತಿತ್ತು. ಶೇಂಗಾ ಮಾರುವವರು ಕಿಟಕಿಗೆ ಬುಟ್ಟಿ ಎತ್ತಿ ಹಿಡಿದು ಕೂಗುತ್ತಿದ್ದರು. ನನಗೆ ಒಂದೂ ಕೇಳಿಸಲಿಲ್ಲ. ಒಂದು ಹಾರ್ಮೋನು ಆಕಾಶದಲ್ಲಿ, ಒಂದು ಪಾತಾಳದಲ್ಲಿ, ನಡುವೆ ನಮ್ಮವ್ವ. ದೊಡ್ಡ ರೋಗವೇ ಇರಬೇಕು ಅಂತ ಜೀವ ಬಾಯಿಗೆ ಬಂತು. ಕಾಗದವನ್ನು ನಾಲ್ಕಾಗಿ ಮಡಿಸಿ ಬ್ಯಾಗಿನ ತಳಕ್ಕೆ ತುರುಕಿದೆ. ಹಾಳೆ ತಿರುಗಿಸಿ ಹಿಂದೇನಿದೆ ಅಂತ ನೋಡುವ ಬುದ್ಧಿ ಬರಲಿಲ್ಲ. ಅಲ್ಪ ವಿದ್ಯಾ ಮಹಾಗರ್ವಿ ಅಂತ ಸುಮ್ಮನೆ ಹೇಳಿಲ್ಲ.

ಮನೆಗೆ ಹೋಗಿ ಅಪ್ಪನನ್ನು ಹಿತ್ತಲಿಗೆ ಕರೆದು ಹೇಳಿದೆ. ಅವನು ಒಳಗೆ ಹೋಗಿ ಮಗ್ಗದ ಕೋಣೆಯ ಬಾಗಿಲನ್ನು ಗೋಡೆಗೆ ತಾಗುವ ಹಾಗೆ ಪೂರಾ ತೆಗೆದ. ಹೊರಗೆ ಗಾಳಿ ಧೂಳೆಬ್ಬಿಸುತ್ತಿತ್ತು. ದಾರಗಳು ಕಡಿಯತೊಡಗಿದವು. ಒಂದಾದ ಮೇಲೊಂದು ಗಂಟು ಹಾಕುತ್ತ ಕೂತ. ಮಫ್ಲರಿನೊಳಗೆ ನಡುಗುತ್ತ, "ಗಾಳಿ ಸಾಕಾ? ಕಿಟಕೀನೂ ತೆಗೀಲಾ?" ಅಂತ ಕೇಳಿದ. ಆಮೇಲೆ ಟೀಯನ್ನು ತಾನೇ ಮಾಡಿ ಲೋಟವನ್ನು ಅವಳ ಕೈಗೆ ಕೊಟ್ಟ.

ಅವ್ವ ಲೋಟ ಹಿಡಿದು ನನ್ನ ಕಡೆ ನೋಡಿದಳು. "ಏನಾಗೈತೆ ನಂಗೆ?"

"ಏನೂ ಇಲ್ಲವ್ವ."

"ಸುಳ್ಳು ಹೇಳಬ್ಯಾಡ. ಮದುವೆ ಆದಾಗಿಂದ ಈ ಮನುಷ್ಯ ಟೀ ಮಾಡಿಲ್ಲ. ಇವರು ಇಷ್ಟು ಒಳ್ಳೇರಾಗಿದಾರೆ ಅಂದ್ರೆ ನಾನು ಉಳಿಯಲ್ಲ ಅಂತ ತಾನೆ?"

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಪ್ಪ ಗೋಡೆ ಕಡೆ ಮುಖ ಮಾಡಿಕೊಂಡು, ಕಡಿಯದ ದಾರಕ್ಕೂ ಗಂಟು ಹಾಕುತ್ತಿದ್ದ. ಅವನಿಗೆ ಅವಳೆಂದರೆ ಇಷ್ಟು ಅಂತ ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಮಾರನೆಯ ದಿನ ಮೂವರೂ ಚಳ್ಳಕೆರೆಗೆ ಹೋದೆವು. ಡಾಕ್ಟರಮ್ಮ ನಾಲ್ಕಾಗಿ ಮಡಿಸಿದ ಕಾಗದ ಬಿಡಿಸಿ ನೋಡಿದರು. ನಮ್ಮ ಮೂರೂ ಮುಖ ನೋಡಿದರು. "ಯಾಕೆ, ಯಾರಾದರೂ ತೀರಿಕೊಂಡರಾ?" ಅಂದರು.

ನಾನು ಅಂಕಿ ತೋರಿಸಿದೆ. ಅವರು ಹಾಳೆಯನ್ನು ತಿರುಗಿಸಿ ಹಿಂದಿನ ಬದಿಯ ಮೇಲೆ ಬೆರಳಿಟ್ಟರು. ನಾನು ಓದಿದ್ದದ್ದು ಹರೆಯದ ಹೆಂಗಸರ ಸಾಲನ್ನು. ಮುಟ್ಟು ನಿಂತವರ ಸಾಲು ಹಿಂದೆ ಇತ್ತು. ಅವ್ವನ ಅಂಕಿ ಅದರೊಳಗೆ, ಗೂಡಿನಲ್ಲಿ ಹಕ್ಕಿ ಕೂತ ಹಾಗೆ, ಸರಿಯಾಗಿ ಕೂತಿತ್ತು. ಗಂಡಸರಿಗೆ ಒಂದೇ ಸಾಲು. ಹೆಂಗಸರಿಗೆ ತಿಂಗಳ ಮೊದಲಿಗೊಂದು, ನಡುವಿಗೊಂದು, ಕೊನೆಗೊಂದು, ಎಲ್ಲ ಮುಗಿದ ಮೇಲೆ ಇನ್ನೊಂದು. ಅಷ್ಟು ಹೆದರಿದ್ದರೂ ನನಗೆ ಅಲ್ಲೇ ಹೊಟ್ಟೆಕಿಚ್ಚಾಯಿತು. ಗಂಡಸರಿಗೆ ಕಾಗದದ ಮೇಲೂ ಆರಾಮು!

"ಇದು ಮಿದುಳು ಕಳಿಸೋ ಕೂಗು ಅಂದ್ಕೊಳ್ಳಿ" ಅಂತ ಡಾಕ್ಟರಮ್ಮ ಅವ್ವನಿಗೆ ಹೇಳಿದರು. "ಅಂಡಾಶಯ ಕೆಲಸ ಮಾಡುವಾಗ ಮೆಲ್ಲಗೆ ಕರೆದರೂ ಸಾಕು, ಓಗೊಡುತ್ತೆ. ಈಗ ಅದು ಕೆಲಸ ಮುಗಿಸಿ ಮಲಗಿದೆ. ಮಿದುಳಿಗೆ ಗೊತ್ತಾಗಲ್ಲ, ಜೋರಾಗಿ ಕೂಗುತ್ತಾ ಇದೆ. ಅದಕ್ಕೇ ಅದು ಜಾಸ್ತಿ, ಈಸ್ಟ್ರೋಜನ್ ಕಡಿಮೆ. ನಿಮ್ಮ ವಯಸ್ಸಿನ ಗಟ್ಟಿಮುಟ್ಟಾದ ಹೆಂಗಸಿನಲ್ಲಿ ಹೀಗೇ ಇರಬೇಕು. ಈ ಬಿಸಿಯೂ ಬರುಬರುತ್ತ ಕಡಿಮೆಯಾಗುತ್ತೆ. ಕೆಲವರಿಗೆ ಬೇಗ, ಕೆಲವರಿಗೆ ನಿಧಾನ."

"ಹಂಗಾದ್ರೆ ನಾನು ಚೆನ್ನಾಗಿದೀನಾ?" ಅವ್ವ ಕೇಳಿದಳು. "ಮಗ್ಗದ ಕೆಲಸ ಮಾಡಬೋದಾ?"

"ನೂರಕ್ಕೆ ನೂರು. ಗಾಳಿ ಆಡೋ ಕಡೆ ಕೂತ್ಕೊಳ್ಳಿ, ಹತ್ತಿ ಸೀರೆ ಉಡಿ, ಕುದಿಯೋ ಟೀ ಬಿಡಿ. ನೆತ್ತಿಗೆ ಎಣ್ಣೆ ಬೇಡ."

ಅವ್ವ ನನ್ನ ಕೈ ಹಿಡಿದುಕೊಂಡಳು. ಅಪ್ಪನಿಗೆ ಉಸಿರು ಬಂತು. ಉಸಿರು ಬಂದ ತಕ್ಷಣ ದೊಡ್ಡಸ್ತಿಕೆಯೂ ಬಂತು. "ಹೆಂಗಸರಿಗೆ ಏನೇನೋ ತಾಪತ್ರಯ. ನಮ್ಗೆ ಇಂಥವೆಲ್ಲ ಇಲ್ಲ ಬಿಡ್ರಮ್ಮ" ಅಂದ.

ಡಾಕ್ಟರಮ್ಮ ಅವನ ಮಫ್ಲರನ್ನು ನೋಡಿದರು. "ಇದೆ ಯಜಮಾನ್ರೇ. ನಿಮ್ಮದು ಒಮ್ಮೆಗೇ ನಿಲ್ಲಲ್ಲ, ವರ್ಷ ವರ್ಷ ಸಣ್ಣಗೆ ಇಳೀತಾ ಹೋಗುತ್ತೆ, ಗೊತ್ತಾಗಲ್ಲ ಅಷ್ಟೆ. ಗಂಡು ಹಾರ್ಮೋನು, ಹೆಣ್ಣು ಹಾರ್ಮೋನು ಅಂತ ನಾವು ಹೆಸರಿಟ್ಟಿದ್ದೀವಿ. ಇಬ್ಬರ ಮೈಯಲ್ಲೂ ಎರಡೂ ಇರುತ್ತೆ. ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ವಯಸ್ಸಿಗೆ ಸಾಮಾನ್ಯವಾಗಿ ಹೆಂಡತಿ ಮೈಯಲ್ಲಿರೋದಕ್ಕಿಂತ ಗಂಡನ ಮೈಯಲ್ಲೇ ಹೆಣ್ಣು ಹಾರ್ಮೋನು ಜಾಸ್ತಿ ಇರುತ್ತೆ."

ಅಪ್ಪ ಕುರ್ಚಿಯಲ್ಲಿ ಸರಿದು ಕೂತ. "ನನ್ನ ಮೈಯಾಗಾ?"

"ನಿಮ್ಮದನ್ನ ಪರೀಕ್ಷೆ ಮಾಡಿಲ್ಲ. ಬೇಕಾದರೆ ರಕ್ತ ಕೊಟ್ಟು ಹೋಗಿ."

ಅಪ್ಪ ಬೇಡವೆಂದು ಎರಡೂ ಕೈ ಅಲ್ಲಾಡಿಸಿದ.

ವಾಪಸು ಬಸ್ಸಿನಲ್ಲಿ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ದಾರಿಯ ತಳಕು ಊರು ದಾಟುವವರೆಗೂ ನಕ್ಕಳು. ನಿಲ್ಲಿಸಿದಳು ಅಂದುಕೊಳ್ಳುವಷ್ಟರಲ್ಲಿ ಅಪ್ಪನ ಕಡೆ ನೋಡಿ ಮತ್ತೆ ಶುರುಮಾಡುವಳು. "ಬಳೆ ಅಂಗಡಿ ಹತ್ರ ಇಳಿಯಾಣ ಏನ್ರಿ?" ಅಂದಳು. ಅಪ್ಪ ಕಿಟಕಿಯಾಚೆ ನೋಡುತ್ತ, "ಆ ಡಾಕ್ಟ್ರಮ್ಮ ತಮಾಷೆಗೆ ಹೇಳಿದ್ದು" ಅಂದ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಅದು ಪುಸ್ತಕದಾಗೆ ಐತಾ?" ಅಂತ ಪಿಸುಗುಟ್ಟಿದ. ಐತೆ ಅಂದೆ. ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಈಗ ನಾನೇ ಅವ್ವನ ಆಗಿನ ವಯಸ್ಸಿಗೆ ಬಂದು ನಿಂತಿದ್ದೇನೆ, ಬಿಸಿ ನನಗೂ ಏರುತ್ತದೆ. ಏರಿದಾಗ ಆ ಬಸ್ಸಿನ ನಗು ನೆನಪಾಗಿ, ಒಬ್ಬಳೇ ಇದ್ದರೂ ನಗುತ್ತೇನೆ.

ರೋಗವಿಲ್ಲ ಅಂತ ಗೊತ್ತಾದ ಮಾರನೇ ದಿನವೇ ಬಾಗಿಲು ಮತ್ತೆ ಮುಚ್ಚಿಕೊಂಡಿತು! ಟೀ ಮಾಡುವುದೂ ನಿಂತಿತು. ಆದರೆ ಕೊನೆ ಮನೆಯ ಸೊಸೆಯ ಮಾತನ್ನು ಅಪ್ಪ ಎತ್ತಲಿಲ್ಲ. ಅವ್ವ ಗೋಡೆಯ ಪಕ್ಕ ಕೂತಳು. ಬಿಸಿ ಏರಿದಾಗೆಲ್ಲ ಅಪ್ಪ ಲಾಳಿಯಿಟ್ಟು, ಗುಂಡಿಯಿಂದ ಕಾಲೆತ್ತಿ, ಮಂಡಿ ಹಿಡಿದುಕೊಂಡು ಎದ್ದು ದಾರಿ ಬಿಡಬೇಕು. ಅವಳು ಹೊರಗೆ ಹೋಗಿ, ಮುಖಕ್ಕೆ ನೀರು ಹಾಕಿಕೊಂಡು ಬರಬೇಕು. ಅವನು ಮತ್ತೆ ಏಳಬೇಕು. ಹೀಗೆ ಎದ್ದು ಕೂತು ಮಾಡಿದರೆ ಸೀರೆ ಎಲ್ಲಿ ಏಳುತ್ತದೆ? ಅವ್ವನ ಮುಖದಲ್ಲಿ ಪಡಸಾಲೆಯ ಹೆದರಿಕೆ ಮತ್ತೆ ಕಾಣಿಸಿತು. ಬಿಸಿ ಏರಿದರೂ ಹೇಳದೆ, ತುಟಿ ಕಚ್ಚಿಕೊಂಡು ಕೂರಲು ಶುರುಮಾಡಿದಳು.

ನನಗೆ ತಡೆಯಲಾಗಲಿಲ್ಲ. "ಅಪ್ಪ, ಚಳಿ ನಿಂದು, ಕೂತಿರೋದು ಬಾಗಿಲ ಹತ್ರ. ಬಿಸಿ ಅವ್ವಂದು, ಕೂತಿರೋದು ಗೋಡೆ ಮೂಲ್ಯಾಗೆ. ಜಾಗ ಅದಲು ಬದಲು ಮಾಡ್ಕಳ್ರಿ. ಅವ್ವ ಬೇಕಾದಾಗ ಎದ್ದು ಹೋಗ್ತಾಳೆ, ನೀನು ಬೆಚ್ಚಗಿರ್ತೀಯ, ಬಾಗಿಲೂ ಮುಚ್ಚಿರ್ತೈತೆ."

"ಅವಳು ನೇಯೋದಾ? ಹೆಂಗಸು ಹಣಿಗೆ ಬಡಿದ ಸೀರೆ ಯಾರು ಉಡ್ತಾರೆ?"

"ಹೆಂಗಸ್ರೇ ಉಡ್ತಾರೆ" ಅಂದೆ.

ಅಪ್ಪ ಲಾಳಿ ಎತ್ತಿಕೊಂಡ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು, ನನಗೆ ಗೊತ್ತಿದ್ದದ್ದೇ. ಅವ್ವನಂತೂ ನನ್ನನ್ನೇ ಬೈದಳು. ಗಂಡನ ಜಾಗದಲ್ಲಿ ಕೂರುವುದು ಅಂದರೇನು, ಓಣಿಯವರು ಏನಂದಾರು ಅಂತ. ಆದರೆ ಬೈಯುವಾಗ ಅವಳ ಕಣ್ಣು ಆ ಜಾಗದ ಮೇಲೇ ಇತ್ತು.

ಆಷಾಢದ ಒಂದು ಭಾನುವಾರ ಬೆಳಿಗ್ಗೆ ಗಾಳಿ ಹಂಚು ಎತ್ತಿ ಎತ್ತಿ ಹಾಕುತ್ತಿತ್ತು. ಅವ್ವ ದೀಪ ಹಚ್ಚಿ ಮಗ್ಗದ ಕೋಣೆಗೆ ಬಂದಾಗ ಅಪ್ಪ ಆಗಲೇ ಕೂತಿದ್ದ, ಗೋಡೆ ಕಡೆಯ ಜಾಗದಲ್ಲಿ. ಕಾಲು ಮಡಿಸಿಕೊಂಡು, ಮಫ್ಲರ್ ಸುತ್ತಿಕೊಂಡು, ಅಂಚಿನ ಲಾಳಿ ಕೈಯಲ್ಲಿ ಹಿಡಿದಿದ್ದ. "ಇಲ್ಲಿ ಬೆಚ್ಚಗೈತೆ" ಅಂದ.

ಅವ್ವ ಹೊಸಿಲ ಮೇಲೇ ನಿಂತಳು. ನಾನು ಅವಳ ಬೆನ್ನು ತಳ್ಳಬೇಕಾಯಿತು. ಮಗ್ಗಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಸೀರೆ ಎತ್ತಿ ಕಟ್ಟಿ, ಗುಂಡಿಗೆ ಕಾಲು ಇಳಿಬಿಟ್ಟಳು. ಮದುವೆಯಾದಾಗಿನಿಂದ ಪಕ್ಕದಲ್ಲಿ ಕೂತು ನೋಡಿದ ಕೆಲಸ. ಕಾಲು ಮೊದಲು ಹಲಗೆ ಹುಡುಕಿತು, ಆಮೇಲೆ ಹುಡುಕಲಿಲ್ಲ. ಅವಳ ಬಡಿತ ಅಪ್ಪನದಕ್ಕಿಂತ ಹಗುರ. ಮೊದಲೆರಡು ದಿನ ನೇಯ್ಗೆ ಅಲ್ಲಲ್ಲಿ ಸಡಿಲಾಯಿತು, ಬಿಚ್ಚಿ ಮತ್ತೆ ನೇಯ್ದರು. ಅಪ್ಪ "ಇನ್ನೂ ಜೋರಾಗಿ ಬಡಿ" ಅಂದರೆ, ಅವ್ವ "ನೀವು ನಿಮ್ಮ ಲಾಳಿ ನೋಡ್ಕಳ್ರಿ" ಅನ್ನುತ್ತಿದ್ದಳು. ಬಿಸಿ ಏರಿದರೆ ಯಾರನ್ನೂ ಕೇಳದೆ ಎದ್ದು ಹೋಗಿ ಅಂಗಳದಲ್ಲಿ ಗಾಳಿಗೆ ನಿಂತು, ಬಾಗಿಲೆಳೆದುಕೊಂಡು ಒಳಗೆ ಬರುತ್ತಿದ್ದಳು. ನಾನು ಅವಳನ್ನು ಅಷ್ಟು ಗೆಲುವಾಗಿ ನೋಡಿ ಎಷ್ಟೋ ವರ್ಷವಾಗಿತ್ತು.

ಒಂದೇ ಕೊರತೆ. ಇದು ಒಳಗಿನ ಏರ್ಪಾಡು. ಹೊರಗೆ ಯಾರಾದರೂ ಕೆಮ್ಮಿದರೂ ಸಾಕು, ಅವ್ವ ಗುಂಡಿಯಿಂದ ಎದ್ದು ಅಡುಗೆಮನೆಗೆ ಓಡುತ್ತಿದ್ದಳು, ಅಪ್ಪ ಬಾಗಿಲ ಕಡೆಗೆ ಸರಿದು ಕೂರುತ್ತಿದ್ದ. ಇಬ್ಬರೂ ಮಾತಾಡಿಕೊಂಡು ಮಾಡಿದ್ದಲ್ಲ. ಓಣಿಯ ಲೆಕ್ಕದಲ್ಲಿ ನೇಯುವವನು ಅವನೇ. ಇದು ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಆದರೂ ಈ ಸಲ ಬಾಯಿಗೆ ಬೀಗ ಹಾಕಿಕೊಂಡೆ. ಸಿಕ್ಕಿದ್ದೂ ಎಲ್ಲಿ ಹೋದೀತೋ ಎಂಬ ಭಯ.

ಸಾಹುಕಾರ ಬಂದದ್ದು ಹೇಳದೆ ಕೇಳದೆ, ಶ್ರಾವಣ ಹತ್ತಿರವಾದಾಗ, ಒಂದು ಭಾನುವಾರ. ಬೀದಿಯಲ್ಲಿ ಅವನ ಸ್ಕೂಟರ್ ನಿಂತ ಸದ್ದಿಗೆ ಅವ್ವ ಒಂದು ಕಾಲು ಗುಂಡಿಯಿಂದ ಮೇಲೆತ್ತಿದಳು. ಅಪ್ಪ ಸರಿಯಲಿಲ್ಲ. ಲಾಳಿ ಹಿಡಿದ ಕೈಯನ್ನು ಅವಳ ಮುಂದೆ ಅಡ್ಡ ಇಟ್ಟು, "ಲೇವೊದ್ದು, ಕೂರ್ಚೋ" ಅಂದ. ಏಳಬೇಡ, ಕೂತುಕೋ ಅಂತ. ತೆಲುಗು, ಆದರೆ ಸಿಟ್ಟಿರಲಿಲ್ಲ. ಅವ್ವನ ಕಾಲು ಮತ್ತೆ ಗುಂಡಿಗೆ ಇಳಿಯಿತು.

ಸಾಹುಕಾರ ಬಾಗಿಲಲ್ಲಿ ನಿಂತು ಅವಳನ್ನು ನೋಡಿದ, ಅವನನ್ನು ನೋಡಿದ. "ಏನಣ್ಣ ಇದು? ಕೈಗೆ ಏನಾತು ನಿಂಗೆ?"

ಅಪ್ಪ ಹೌದು, ಕೈ ನೋವು ಅಂದಿದ್ದರೆ ಸಾಕಿತ್ತು. ಸಾಹುಕಾರ ಅಯ್ಯೋ ಪಾಪ ಅನ್ನುತ್ತಿದ್ದ, ಓಣಿಯೂ ಅಯ್ಯೋ ಪಾಪ ಅನ್ನುತ್ತಿತ್ತು. ನಾನು ಅಪ್ಪನ ಬಾಯಿ ನೋಡುತ್ತಿದ್ದೆ.

"ನನ್ನ ಕೈ ಚೆನ್ನಾಗೈತೆ" ಅಂದ ಅಪ್ಪ. "ನೇಯೋದು ಈಗ ಇವಳು. ನಾನು ಪಕ್ಕದ ಲಾಳಿ."

ಸಾಹುಕಾರ ಬಗ್ಗಿ, ನೇಯ್ದಷ್ಟನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದ. ಅಡಿಯಿಂದ ಕೈ ಹಾಕಿ ಹಿಂಬದಿ ಸವರಿದ. ಅಂಚೂ ಒಡಲೂ ಸೇರುವ ಕಡೆ ಹೊತ್ತು ತೆಗೆದುಕೊಂಡ. ಆಮೇಲೆ ನೆಟ್ಟಗಾಗಿ, ಅಪ್ಪನ ಕಡೆ ಅಲ್ಲ, ಅವ್ವನ ಕಡೆ ತಿರುಗಿ, "ಮುಂದಿನ ಸೀರೆಗೆ ಯಾವ ಬಣ್ಣ ಕಳಿಸ್ಲಮ್ಮ?" ಅಂತ ಕೇಳಿದ.

ಅವ್ವ ತಲೆ ಎತ್ತಲಿಲ್ಲ. ಅವಳ ಮುಖ ಕಿವಿಯ ತನಕ ಕೆಂಪಾಗಿತ್ತು, ಕಣ್ಣ ಕೆಳಗೆ ಒದ್ದೆ ಹೊಳೆಯುತ್ತಿತ್ತು. ಬಿಸಿ ಏರಿತು ಅಂದುಕೊಂಡು ನಾನು ಅವಳಿಗೆ ದಾರಿ ಬಿಡಿಸಲು ಧಾವಿಸಿದೆ.

"ಬ್ಯಾಡ ಬಿಡೇ" ಅಂದಳು, "ಇದು ಅದಲ್ಲ."